ಬಫಲೋದ ಕೆಂಪು ಕಲ್ಲಿನ ಆಸ್ಪತ್ರೆ

ನಯಾಗರಾ ನೋಡಲು ಹೋಗುವ ನಮ್ಮವರಿಗೆ ಬಫಲೋ ಅಂದ್ರೆ ವಿಮಾನ ಇಳಿಯುವ ಊರು, ಅಷ್ಟೇ. ಜಲಪಾತದಿಂದ ಕಾರಿನಲ್ಲಿ ಅರ್ಧ ಗಂಟೆ ದಕ್ಷಿಣಕ್ಕೆ ಬಂದರೆ ಫಾರೆಸ್ಟ್ ಅವೆನ್ಯೂ ಪಕ್ಕ, ಮರಗಳ ಮೇಲೆ ಎರಡು ಗೋಪುರ ಕಾಣುತ್ತವೆ. ಒಂದೊಂದೂ 185 ಅಡಿ ಎತ್ತರ. ಮೇಲೆ ಹಸಿರುಗಟ್ಟಿದ ತಾಮ್ರದ ಚಾವಣಿ. ಚರ್ಚ್ ಇರಬೇಕು ಅಂದುಕೊಂಡು ಮುಂದೆ ಹೋಗಿಬಿಡಬಹುದು. ಇದು ನ್ಯೂಯಾರ್ಕ್ ರಾಜ್ಯ ಸರ್ಕಾರ ಕಟ್ಟಿಸಿದ ಮಾನಸಿಕ ಆಸ್ಪತ್ರೆ.

ಬೇಸಿಗೆಯಲ್ಲಿ ತಂಗಿಯ ಮನೆಗೆ ಹೋಗಿದ್ದಾಗ ಇಬ್ಬರೂ ಹೋಗಿ ನೋಡಿದೆವು. ಒಳಗೆ ಕರೆದುಕೊಂಡು ಹೋಗಿ ತೋರಿಸುವ ವ್ಯವಸ್ಥೆ ಇದೆ.

ಈ ಆಸ್ಪತ್ರೆಯ ಹಿಂದೆ ಫಿಲಡೆಲ್ಫಿಯಾದ ವೈದ್ಯ ಥಾಮಸ್ ಕರ್ಕ್‌ಬ್ರೈಡ್ ಅವರ ನಂಬಿಕೆ ಇದೆ. ಮನಸ್ಸು ಕೆಟ್ಟವರನ್ನು ಜೈಲಿನಲ್ಲೋ ಗತಿಯಿಲ್ಲದ ಬಡವರ ಆಶ್ರಯಮನೆಯಲ್ಲೋ ಕೂಡಿಹಾಕುತ್ತಿದ್ದ ಕಾಲ ಅದು. ಒಳ್ಳೆಯ ಕಟ್ಟಡವೇ ಅರ್ಧ ಔಷಧಿ ಅಂತ ಅವರು ನಂಬಿದ್ದರು. ಬೆಳಕು, ಗಾಳಿ, ಕಿಟಕಿಯಾಚೆ ಹಸಿರು, ಮಾಡಲು ಒಂದಿಷ್ಟು ಕೆಲಸ. ಹೇಗೆ ಕಟ್ಟಬೇಕು ಅಂತ 1854ರಲ್ಲಿ ಪುಸ್ತಕವನ್ನೇ ಬರೆದರು.

ಬಫಲೋದ ಕೆಲಸ ಸಿಕ್ಕಿದ್ದು ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅವರಿಗೆ. ಆಗವರಿಗೆ ಮೂವತ್ತು ದಾಟಿತ್ತಷ್ಟೇ. ನಡುವೆ ಗೋಪುರಗಳಿರುವ ಆಡಳಿತ ಕಟ್ಟಡ, ಎರಡೂ ಕಡೆ ಐದೈದು ವಾರ್ಡು. ಒಂದೊಂದು ವಾರ್ಡೂ ಪಕ್ಕದ್ದಕ್ಕಿಂತ ಹಿಂದೆ ಸರಿದಿದೆ. ನಕ್ಷೆ ನೋಡಿದರೆ ಸಂಜೆ ಗೂಡಿಗೆ ಹೊರಟ ಬೆಳ್ಳಕ್ಕಿ ಸಾಲಿನ ಹಾಗಿದೆ. ಹೀಗೆ ಸರಿಸಿದ್ದರಿಂದ ಯಾವ ವಾರ್ಡೂ ಇನ್ನೊಂದರ ಬೆಳಕಿಗೆ ಅಡ್ಡ ಬರುವುದಿಲ್ಲ. ಗಂಡಸರು ಪೂರ್ವಕ್ಕೆ, ಹೆಂಗಸರು ಪಶ್ಚಿಮಕ್ಕೆ. ಸುತ್ತಲಿನ ತೋಟ ರೂಪಿಸಿದ್ದು ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕಾಲ್ವರ್ಟ್ ವಾಕ್ಸ್. ಇಡೀ ಜಾಗ ಸುಮಾರು 200 ಎಕರೆ. ಅದರಲ್ಲಿ ಅರ್ಧದಷ್ಟು ಹೊಲ, ರೋಗಿಗಳು ಅಲ್ಲೇ ದುಡಿಯುತ್ತಿದ್ದರು.

ಎಲ್ಲರೂ ಗೋಪುರದ ಫೋಟೋ ತೆಗೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾರಿಡಾರುಗಳು. ವಾರ್ಡಿನೊಳಗಿನವು ನಡೆಯುವ ದಾರಿಗಿಂತ ಜಾಸ್ತಿ ಅಗಲ, ಪಡಸಾಲೆ ಅಂತಲೇ ಅನ್ನಬಹುದು. ರೋಗಿಗಳು ಹಗಲು ಕೂರುತ್ತಿದ್ದದ್ದು ಅಲ್ಲೇ. ವಾರ್ಡಿನಿಂದ ವಾರ್ಡಿಗೆ ಹೋಗುವ ಕಾರಿಡಾರು ಮಾತ್ರ ಸಣ್ಣದು, ಬಾಗಿದೆ. ಅಲ್ಲಿ ಕಬ್ಬಿಣದ ಬಾಗಿಲು. ಒಂದು ವಾರ್ಡಿಗೆ ಬೆಂಕಿ ಬಿದ್ದರೆ ಬಾಗಿಲು ಹಾಕಿ ಪಕ್ಕದ್ದನ್ನು ಉಳಿಸಬಹುದು. ಅಲ್ಲಿ ನಿಂತಾಗ, ಕಟ್ಟಿದವರು ಒಳಗಿರುವವರನ್ನು ಮನುಷ್ಯರು ಅಂತ ನೆನೆದೇ ಗೆರೆ ಎಳೆದಿದ್ದಾರೆ ಅನ್ನಿಸಿತು.

ಕೆಲಸ 1871ರಲ್ಲಿ ಶುರುವಾಗಿ, 1880ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. ಆಗ ಇದ್ದದ್ದು ನಡುವಿನ ಕಟ್ಟಡ, ಪೂರ್ವದ ವಾರ್ಡು ಮಾತ್ರ. ಪಶ್ಚಿಮದ್ದು ಮುಗಿಯುವಾಗ 1895. ಅಷ್ಟರಲ್ಲಿ ರಿಚರ್ಡ್‌ಸನ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ದುಡ್ಡಿನ ಲೆಕ್ಕ ಗೋಡೆಯಲ್ಲೇ ಕಾಣುತ್ತದೆ. ನಡುವಿನ ಕಟ್ಟಡಗಳು ಅದೇ ಸೀಮೆಯ ಮೆಡೈನಾ ಮರಳುಗಲ್ಲಿನವು, ಒರಟು, ಕಂದುಗೆಂಪು. ತುದಿಯ ಮೂರು ಮೂರು ವಾರ್ಡುಗಳು ಇಟ್ಟಿಗೆಯವು.

ಒಂದು ಆಸ್ಪತ್ರೆಗೆ 250 ಜನ ಸಾಕು ಅಂದಿದ್ದರು ಕರ್ಕ್‌ಬ್ರೈಡ್. ಇದನ್ನು 600 ಜನರಿಗೆ ಅಂತ ಕಟ್ಟಿದರು. ಆಮೇಲೆ ಅದನ್ನೂ ಮೀರಿ ತುಂಬಿದರು. ಅಮೆರಿಕದ ಇಂಥ ಎಷ್ಟೋ ಆಸ್ಪತ್ರೆಗಳು ಹೀಗೇ ಹಾಳಾದವು. ತಪ್ಪು ಕಟ್ಟಡದ್ದಲ್ಲ. ಮಂಚದ ಮೇಲೆ ಮಂಚ ಹೇರುತ್ತಾ ಹೋದರೆ ಯಾವ ಕಿಟಕಿ ಎಷ್ಟು ಬೆಳಕು ಕೊಟ್ಟೀತು?

1960ರ ದಶಕದ ಕೊನೆಗೆ ಪೂರ್ವದ ಮೂರು ಇಟ್ಟಿಗೆ ವಾರ್ಡುಗಳನ್ನು ಕೆಡವಿದರು. 1970ರ ದಶಕದಲ್ಲಿ ಕೊನೆಯ ರೋಗಿಗಳೂ ಪಕ್ಕದ ಹೊಸ ಕಟ್ಟಡಕ್ಕೆ ಹೋದರು. ಹಳೆಯದು ಮಳೆ, ಹಿಮಕ್ಕೆ ಬಿದ್ದಿತ್ತು. 1986ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಘೋಷಿಸಿದರೂ ಸೋರುವುದು ನಿಲ್ಲಲಿಲ್ಲ. ಊರಿನವರು ಕೋರ್ಟಿಗೂ ಹೋಗಿ ಹಟ ಹಿಡಿದರು. ಕೊನೆಗೆ ಸರ್ಕಾರ ಹಣ ಕೊಟ್ಟಿತು. 2017ರಲ್ಲಿ ನಡುವಿನ ಮೂರು ಕಟ್ಟಡ ಹೋಟೆಲ್ ಆದವು. ಆ ಹೋಟೆಲ್ 2021ರಲ್ಲಿ ಮುಚ್ಚಿತು, 2023ರಲ್ಲಿ ಇನ್ನೊಂದು ಬಂತು.

"ಇಲ್ಲಿ ದುಡ್ಡು ಕೊಟ್ಟು ಮಲಗೋದು ಸರಿನಾ, ಅಕ್ಕಾ?" ಅಂತ ತಂಗಿ ಕೇಳಿದಳು. ನನಗಂತೂ ಸರಿ ಅನ್ನಿಸಿತು. ಜನ ಓಡಾಡಿದರೆ ತಾನೇ ಕಟ್ಟಡ ಉಳಿಯುವುದು? ದೆವ್ವದ ಬಂಗಲೆ ಅಂತ ಟಿಕೆಟ್ ಮಾರುವುದು ಮಾತ್ರ ಬೇಡ. ಬೇರೆ ಊರುಗಳ ಹಳೆಯ ಆಸ್ಪತ್ರೆಗಳಲ್ಲಿ ಅದು ನಡೆಯುತ್ತದೆ. ನೋವು ತಿಂದವರ ಮನೆ ಅದು, ಅಲ್ವಾ?

ಹೋದರೆ ಹೋಟೆಲಿನಿಂದಲೇ ವಾಪಸ್ ಬರಬೇಡಿ. ಪಶ್ಚಿಮದ ತುದಿವರೆಗೂ ನಡೆಯಿರಿ. ನಾವು ಹೋದಾಗ ಆ ಇಟ್ಟಿಗೆ ವಾರ್ಡುಗಳು ಖಾಲಿ ಇದ್ದವು. ಪಕ್ಕದಲ್ಲಿ ಇವತ್ತಿಗೂ ಸರ್ಕಾರಿ ಮಾನಸಿಕ ಆಸ್ಪತ್ರೆ ನಡೆಯುತ್ತಿದೆ. ಆ ಕಡೆ ಕ್ಯಾಮೆರಾ ಹಿಡಿಯಬೇಡಿ.