ಆಗಸ್ಟ್ 5ರಂದು ಹೊರಡುತ್ತೇವೆ ಎಂದವರು

ಒಂದು ದೇಶದ ಸೇನೆ ಇನ್ನೊಂದು ದೇಶಕ್ಕೆ ನುಗ್ಗಿದ ಮರುದಿನವೇ ಒಂದು ಅಧಿಕೃತ ಹೇಳಿಕೆ ಬರುತ್ತದೆ: ಪರಿಸ್ಥಿತಿ ತಿಳಿಯಾದ ಕೂಡಲೇ ಅಧಿಕಾರವನ್ನು ಅಲ್ಲಿನ ಜನರಿಗೇ ಒಪ್ಪಿಸಿ ನಾವು ಹಿಂದಿರುಗುತ್ತೇವೆ. ಟಿವಿಯಲ್ಲಿ ಇಂಥದ್ದನ್ನು ಕೇಳಿದಾಗ ಮನೆಯವರೆಲ್ಲ ದಿನಾಂಕದ ಬಗ್ಗೆ ಮಾತಾಡುತ್ತಾರೆ. ನಾನು ಮಾತ್ರ, ಅಧಿಕಾರವನ್ನು ಪಡೆಯಲು ನಿಂತಿರುವವರು ಯಾರು, ಅವರನ್ನು ಅಲ್ಲಿ ನಿಲ್ಲಿಸಿದವರು ಯಾರು ಎಂದು ಹುಡುಕುತ್ತೇನೆ. 1990ರ ಆಗಸ್ಟ್‌ನಲ್ಲಿ ನಾನು ಕುವೈತಿನಲ್ಲಿದ್ದೆ. ಈ ಹುಡುಕಾಟ ಆಗ ಹತ್ತಿಕೊಂಡದ್ದು.

ನನ್ನದು ಕುಂದಾಪುರದ ಕಡೆಯ ಊರು. ಶುವೈಖ್ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಬಿಡಿಭಾಗಗಳನ್ನು ಆಮದು ಮಾಡುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಾಲ್ಮಿಯಾದಲ್ಲಿ ನಮ್ಮ ಕಡೆಯ ಹುಡುಗರೆಲ್ಲ ಸೇರಿ ಬಾಡಿಗೆಗೆ ಹಿಡಿದ ಮನೆ. ಆಗ ಕುವೈತಿನಲ್ಲಿ ಸುಮಾರು 1,70,000 ಭಾರತೀಯರಿದ್ದರು. ಉಡುಪಿ, ಮಂಗಳೂರು ಸೀಮೆಯವರು ಹೋಟೆಲ್, ಆಸ್ಪತ್ರೆ, ಕಚೇರಿ ಎಲ್ಲೆಲ್ಲೂ ಸಿಗುತ್ತಿದ್ದರು. ಆಗಸ್ಟ್ 2, ಗುರುವಾರ, ಬೆಳಗಿನ ಜಾವ ಇರಾಕಿನ ಟ್ಯಾಂಕುಗಳು ಬಂದವು. ಮಧ್ಯಾಹ್ನದ ಹೊತ್ತಿಗೆ ಕುವೈತಿನ ಅರಸರಾದ ಅಮೀರರು ಸೌದಿ ಅರೇಬಿಯಾ ಸೇರಿದ್ದರು.

ಬಾಗ್ದಾದ್ ರೇಡಿಯೊ ಹೇಳಿದ ಕಥೆ ಬೇರೆಯೇ ಇತ್ತು. ಕುವೈತಿನ ಯುವ ಕ್ರಾಂತಿಕಾರಿಗಳು ಸರ್ಕಾರವನ್ನು ಕಿತ್ತುಹಾಕಿದ್ದಾರೆ, ಅವರು ಕರೆದದ್ದಕ್ಕೆ ನಾವು ಬಂದಿದ್ದೇವೆ, ಕೆಲವು ದಿನ ಅಥವಾ ಕೆಲವು ವಾರಗಳಲ್ಲಿ ಹೊರಡುತ್ತೇವೆ. ಮರುದಿನ ಇನ್ನೂ ಖಚಿತವಾದ ಮಾತು ಬಂತು: ಆಗಸ್ಟ್ 5ರಿಂದ ಸೇನೆ ಹಿಂದೆ ಸರಿಯಲು ಆರಂಭಿಸುತ್ತದೆ, ಇರಾಕ್ ಮತ್ತು ಕುವೈತಿನ ಭದ್ರತೆಗೆ ಬೆದರಿಕೆ ಎದುರಾಗದಿದ್ದರೆ.

ಆ ಕೊನೆಯ ಷರತ್ತಿನ ಬಗ್ಗೆ ನಮ್ಮ ಅಂಗಡಿಯ ಹಿರಿಯ ಅಕೌಂಟೆಂಟ್ ಹೇಳಿದ ಮಾತು ಇವತ್ತಿಗೂ ನೆನಪಿದೆ. ಅವರು ಪ್ಯಾಲೆಸ್ಟೀನಿನವರು, ನನಗೆ ಕೆಲಸ ಕಲಿಸಿದವರು. ನಾವಿಬ್ಬರೂ ದಿನಬೆಳಗಾದರೆ ಎಲ್‌ಸಿ ಕಾಗದಗಳನ್ನು, ಅಂದರೆ ಕೊಳ್ಳುವವನ ಪರವಾಗಿ ಹಣ ಕೊಡುತ್ತೇವೆಂದು ಬ್ಯಾಂಕು ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್‌ಗಳನ್ನು, ನೋಡುವವರು. ಸರಕಿನ ದಾಖಲೆಗಳು ಷರತ್ತಿನಂತೆ ಇವೆಯೇ ಎಂದು ತೀರ್ಮಾನಿಸುವುದು ಬ್ಯಾಂಕು. ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ. ಅದಕ್ಕೇ ಜಪಾನಿನಲ್ಲಿರುವ ಗುರುತಿಲ್ಲದ ವ್ಯಾಪಾರಿ ನಮ್ಮನ್ನು ನಂಬಿ ಸರಕು ಕಳಿಸುತ್ತಾನೆ. "ಇಲ್ಲಿ ಬೆದರಿಕೆ ಇದೆಯೋ ಇಲ್ಲವೋ ಎಂದು ಹೇಳುವವನು ಟ್ಯಾಂಕಿನ ಮೇಲೆ ಕುಳಿತಿದ್ದಾನೆ. ಈ ಕಾಗದಕ್ಕೆ ಯಾವ ಬ್ಯಾಂಕೂ ಹಣ ಕೊಡುವುದಿಲ್ಲ" ಎಂದರು ಅವರು. ಹುಟ್ಟಿದ ಊರಿನಿಂದ ಒಮ್ಮೆ ಹೊರಬಿದ್ದವರಿಗೆ ಇಂಥ ಕಾಗದ ಓದುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಗಸ್ಟ್ 4ರಂದು ಅಧಿಕಾರ ಪಡೆಯುವವರ ಹೆಸರು ಬಂತು. ಒಂಬತ್ತು ಸೇನಾಧಿಕಾರಿಗಳ 'ಸ್ವತಂತ್ರ ಕುವೈತಿನ ತಾತ್ಕಾಲಿಕ ಸರ್ಕಾರ', ಅದರ ಮುಖ್ಯಸ್ಥ ಕರ್ನಲ್ ಅಲಾ ಹುಸೇನ್ ಅಲಿ. ನಮ್ಮ ಅಂಗಡಿಯ ಮಾಲೀಕರು ಬೇಸಿಗೆಯ ಸೆಕೆಗೆ ಎಲ್ಲ ಸಿರಿವಂತರಂತೆ ಲಂಡನ್ನಿಗೆ ಹೋಗಿದ್ದರು. ಅವರ ತಮ್ಮ ಊರಲ್ಲೇ ಇದ್ದರು. ಅವರು ಆ ಪಟ್ಟಿಯನ್ನು ಹಿಡಿದು ಗೊತ್ತಿದ್ದವರನ್ನೆಲ್ಲ ಕೇಳಿದರು. ಕುವೈತ್ ಸಣ್ಣ ದೇಶ. ಒಂದು ಮನೆತನದ ಹೆಸರು ಹೇಳಿದರೆ ಇನ್ನೊಬ್ಬರು ಅದರ ಮೂರು ತಲೆಮಾರು ಹೇಳುತ್ತಾರೆ. ಆ ಪಟ್ಟಿಯಲ್ಲಿದ್ದವರನ್ನು ಗುರುತಿಸುವವರು ಸಿಗಲಿಲ್ಲ. ಅಲಾ ಹುಸೇನ್ ಕುವೈತಿಯೇ, ಆದರೆ ಕೆಳದರ್ಜೆಯ ಅಧಿಕಾರಿ. ಕರ್ನಲ್ ಪದವಿ ಬಾಗ್ದಾದ್ ಕೊಟ್ಟದ್ದು. ಕೊಡುವವನೇ ಪಡೆಯುವವನನ್ನೂ ತಯಾರು ಮಾಡಿಕೊಂಡಿದ್ದ.

ಇದರಲ್ಲಿ ನನ್ನನ್ನು ಇಂದಿಗೂ ಕದಲಿಸುವುದು ಮಾಲೀಕರ ತಮ್ಮನಂಥವರ ನಡೆ. ಅವರಿಗೆ ಅಮೀರರ ಮೇಲೆ ಸಿಟ್ಟಿರಲಿಲ್ಲವೆಂದಲ್ಲ. 1986ರ ಜುಲೈನಲ್ಲಿ ಅಮೀರರು ಸಂಸತ್ತನ್ನು ವಿಸರ್ಜಿಸಿ, ಸಂವಿಧಾನದ ಹಲವು ವಿಧಿಗಳನ್ನು ಅಮಾನತಿನಲ್ಲಿಟ್ಟಿದ್ದರು. 1989ರ ಕೊನೆಯಲ್ಲಿ ಅದರ ವಿರುದ್ಧ ಸೋಮವಾರದ ದಿವಾನಿಯಾಗಳು ಶುರುವಾದವು. ದಿವಾನಿಯಾ ಎಂದರೆ ಕುವೈತಿ ಮನೆಗಳ ಬೈಠಕ್ಕು, ಗಂಡಸರು ಸಂಜೆ ಸೇರಿ ಚಹಾ ಕುಡಿಯುತ್ತ ಲೋಕದ ಸುದ್ದಿಯೆಲ್ಲ ಮಾತಾಡುವ ಜಾಗ. ವಾರಕ್ಕೊಂದು ಮನೆಯಲ್ಲಿ ಸೇರಿ, 1962ರ ಸಂವಿಧಾನವನ್ನು ಮರಳಿ ಜಾರಿಗೆ ತನ್ನಿ ಎಂದು ಕೇಳುತ್ತಿದ್ದರು. ಪೊಲೀಸರು ಅವರನ್ನು ಚದುರಿಸಿದರು. 1990ರ ಜೂನ್‌ನಲ್ಲಿ ಸಂಸತ್ತಿನ ಬದಲಿಗೆ ಒಂದು ರಾಷ್ಟ್ರೀಯ ಮಂಡಳಿ ಬಂತು: 50 ಚುನಾಯಿತರು, 25 ನೇಮಕಗೊಂಡವರು. ವಿರೋಧಿಗಳು ಆ ಚುನಾವಣೆಯನ್ನೇ ಬಹಿಷ್ಕರಿಸಿದರು. ಸದ್ದಾಂ ಹುಸೇನ್ ನುಗ್ಗಿದ್ದು ಇದಾದ ಎರಡು ತಿಂಗಳೊಳಗೆ. ಇಷ್ಟು ಮುನಿಸಿಕೊಂಡವರಲ್ಲಿ ನಾಲ್ಕು ಜನ ಹೆಸರಾಂತರಾದರೂ ತನ್ನ ಪಟ್ಟಿಗೆ ಸಿಗುತ್ತಾರೆಂದು ಬಾಗ್ದಾದ್ ಲೆಕ್ಕ ಹಾಕಿದ್ದಿರಬೇಕು. ಒಬ್ಬರೂ ಸಿಗಲಿಲ್ಲ. "ಜಗಳ ನಮ್ಮ ಮನೆಯದು. ತೀರಿಸಿಕೊಳ್ಳುವುದು ನಮಗೆ ಗೊತ್ತು" ಎಂದಿದ್ದರು ಮಾಲೀಕರ ತಮ್ಮ.

ಆಗಸ್ಟ್ 5 ಬಂತು. ಸೇನೆ ಹೊರಡುತ್ತಿದೆ ಎಂದು ತೋರಿಸಲು ವಾಹನಗಳ ಸಾಲೊಂದು ಉತ್ತರಕ್ಕೆ ಚಲಿಸಿತು. ಆ ವಾರ ಬಸ್ರಾ ದಿಕ್ಕಿಗೆ ಹೋಗುವ ಲಾರಿಗಳನ್ನು ನಾನೂ ಕಂಡೆ. ಅವುಗಳ ಮೇಲೆ ಶೋರೂಮುಗಳ ಹೊಸ ಕಾರುಗಳಿದ್ದವು. ನಮ್ಮ ಗೋದಾಮಿನ ಬಾಗಿಲು ಮುರಿದು ಒಯ್ದ ಸರಕಿಗೆ ನಾನು ಪಟ್ಟಿ ಬರೆದೆ. ಯಾರಿಗೆ ಕೊಡಬೇಕೆಂದು ಗೊತ್ತಿರಲಿಲ್ಲ, ಆದರೂ ಬರೆದೆ.

ಆಮೇಲಿನದು ಬೇಗ ಬೇಗ ನಡೆಯಿತು. 7ರಂದು ಕುವೈತ್ ಗಣರಾಜ್ಯವಾಯಿತು. 8ರಂದು ಆ ಗಣರಾಜ್ಯವೇ ಇರಾಕಿನಲ್ಲಿ ವಿಲೀನವಾಯಿತು, ಅದೂ ಶಾಶ್ವತವಾಗಿ. ಅಲಾ ಹುಸೇನ್ ಇರಾಕಿನ ಉಪಪ್ರಧಾನಿಯಾದ. ಕೆಲವೇ ವಾರಗಳಲ್ಲಿ ಹೊರಡುತ್ತೇವೆ ಎಂದವರ ಮಾತು ಒಂದು ವಾರವೂ ಬಾಳಲಿಲ್ಲ. 9ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 662ನೇ ನಿರ್ಣಯದಲ್ಲಿ ಈ ವಿಲೀನ ಅಸಿಂಧು ಎಂದಿತು. 28ರಂದು ಕುವೈತ್ ಇರಾಕಿನ 19ನೇ ಪ್ರಾಂತ್ಯ ಎಂಬ ಆದೇಶ ಹೊರಬಿತ್ತು. ಕುವೈತ್ ನಗರಕ್ಕೆ ಕಾಧಿಮಾ ಎಂದು ಹೆಸರಿಟ್ಟರು. ಕಾರುಗಳಿಗೆ ಇರಾಕಿನ ನಂಬರ್ ಪ್ಲೇಟ್ ಹಾಕಿಸಬೇಕೆಂದರು. ಬಜಾರಿನಲ್ಲಿ ಹಲವು ಪಟ್ಟು ಬೆಲೆಯಿದ್ದ ಕುವೈತಿ ದಿನಾರನ್ನು ಇರಾಕಿ ದಿನಾರಿಗೆ ಸಮ ಎಂದರು. ಒಬ್ಬೊಬ್ಬ ಕೂಲಿಯವನ ವರ್ಷಗಳ ಉಳಿತಾಯ ಒಂದು ಆದೇಶದಲ್ಲಿ ಕರಗಿತು. ಇದನ್ನು ಇತಿಹಾಸದ ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ನಮ್ಮ ಮನೆಯಲ್ಲಿದ್ದ ಹೋಟೆಲ್ ಹುಡುಗನೊಬ್ಬ ತಂಗಿಯ ಮದುವೆಗೆಂದು ಕೂಡಿಟ್ಟ ನೋಟುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಮತ್ತೆ ಮತ್ತೆ ಎಣಿಸುತ್ತಿದ್ದುದನ್ನು ನೋಡಿದವನಿಗೆ ಅದು ಒಂದು ಸಾಲಿನ ಸಂಗತಿಯಲ್ಲ.

ನಾವು ಬಸ್ ಹಿಡಿದು ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನ್ ಗಡಿಯ ಡೇರೆಗಳಲ್ಲಿದ್ದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಬಂದೆವು. ಹಾಗೆ ಬಂದವರು ಒಂದು ಲಕ್ಷಕ್ಕೂ ಹೆಚ್ಚು. ಆ ಪ್ರಯಾಣದ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ.

ನಾನು ಹೇಳಬೇಕೆಂದಿರುವುದು ಇನ್ನೊಂದು ಮಾತಿನ ಬಗ್ಗೆ. ಅದು ದೇಶ ಕಳೆದುಕೊಂಡ ಸರ್ಕಾರ ತನ್ನ ಜನರಿಗೇ ಕೊಟ್ಟ ಮಾತು. 1990ರ ಅಕ್ಟೋಬರ್ ಮಧ್ಯದಲ್ಲಿ ಸೌದಿಯ ಜೆದ್ದಾದಲ್ಲಿ ಸಾವಿರಕ್ಕೂ ಹೆಚ್ಚು ಕುವೈತಿಗಳು ಸೇರಿದರು. ವ್ಯಾಪಾರಿಗಳು, ಮಾಜಿ ಸಂಸದರು, ಸೋಮವಾರದ ದಿವಾನಿಯಾಗಳಲ್ಲಿ ಅಮೀರರ ವಿರುದ್ಧ ಮಾತಾಡಿದವರು, ಎಲ್ಲರೂ ಇದ್ದರು. ಅಲ್ಲಿ ಯುವರಾಜ ಶೇಖ್ ಸಾದ್, ವಿಮೋಚನೆಯ ನಂತರ 1962ರ ಸಂವಿಧಾನಕ್ಕೆ ಮರಳುವ ಭರವಸೆ ಕೊಟ್ಟರು. ವಿರೋಧಿಗಳು ಅಮೀರರ ಅಲ್ ಸಬಾಹ್ ಮನೆತನದ ಬೆನ್ನಿಗೆ ನಿಂತರು. ಈ ಸುದ್ದಿಯನ್ನು ಕುಂದಾಪುರದಲ್ಲಿ ಪತ್ರಿಕೆಯಲ್ಲಿ ಓದಿದಾಗ ಮಾಲೀಕರ ತಮ್ಮ ನೆನಪಾದರು. ಇಲ್ಲಿ ಪಡೆಯಬೇಕಾದವರು ಇದ್ದರು. ಅವರ ಕೈಯಲ್ಲಿ ಲಿಖಿತ ಸಂವಿಧಾನವಿತ್ತು, ಅವರನ್ನು ಕೊಡುವವನು ತಯಾರಿಸಿರಲಿಲ್ಲ.

ಹಾಗೆಂದು ಮಾತು ತಾನಾಗಿ ನಡೆಯಲಿಲ್ಲ. 1991ರ ಫೆಬ್ರುವರಿ ಕೊನೆಯಲ್ಲಿ ಇರಾಕಿ ಸೇನೆ ಹೊರಬಿದ್ದಿತು. ಮರಳಿದ ಸರ್ಕಾರ ಮೊದಲು ತಂದದ್ದು ಸೇನಾ ಶಾಸನ, ಅದು ಜೂನ್ ಕೊನೆಯವರೆಗೂ ಇತ್ತು. ಮಾರ್ಚ್ 14ರಂದು ಅಮೀರ್ ಜಾಬರ್ ಬಂದರು. ಸಂಸತ್ತು ಎಲ್ಲಿ ಎಂದು ಜನ ಕೇಳಿದರೆ, ಜುಲೈಯಲ್ಲಿ ಅದೇ ಹಳೆಯ ರಾಷ್ಟ್ರೀಯ ಮಂಡಳಿಯನ್ನು ಮತ್ತೆ ಕರೆಸಿದರು. ಚುನಾವಣೆ 1992ರ ಅಕ್ಟೋಬರ್‌ಗೆ ಎಂದರು. ವಿಮೋಚನೆಯಾಗಿ ಒಂದೂವರೆ ವರ್ಷದ ನಂತರ! ದಿವಾನಿಯಾಗಳು ಮತ್ತೆ ತುಂಬಿದವು. ಅರ್ಜಿಗಳ ಮೇಲೆ ಅರ್ಜಿ ಹೋದವು. ಅಷ್ಟರಲ್ಲಿ ನಾನೂ ಹಳೆಯ ಕೆಲಸಕ್ಕೆ ಮರಳಿದ್ದೆ. ಕೈಯಲ್ಲಿ ಹೊಸ ನೋಟುಗಳು. ಇರಾಕಿಗಳು ಕೇಂದ್ರ ಬ್ಯಾಂಕಿನಿಂದ ಒಯ್ದ ನೋಟುಗಳನ್ನು ರದ್ದುಮಾಡಿ ಹೊಸ ಸರಣಿ ಹೊರಡಿಸಿದ್ದರು. 1992ರ ಅಕ್ಟೋಬರ್ 5ರಂದು ಮತದಾನ ನಡೆಯಿತು. 50 ಸ್ಥಾನಗಳಲ್ಲಿ 30ಕ್ಕೂ ಹೆಚ್ಚನ್ನು ಸರ್ಕಾರದ ಟೀಕಾಕಾರರು ಗೆದ್ದರು. ಅಂಗಡಿಯಲ್ಲಿ ಮಾಲೀಕರ ತಮ್ಮ ಎಲ್ಲರಿಗೂ ಖರ್ಜೂರ ಹಂಚಿದರು. ಪರದೇಶಿಯಾದ ನನಗೆ ಆ ಚುನಾವಣೆಯಲ್ಲಿ ಏನೂ ಇರಲಿಲ್ಲ, ಆದರೂ ಖುಷಿಯಾಯಿತು.

ಆ ಖುಷಿಯ ಜೊತೆಗೇ ಇರುವ ನೋವನ್ನೂ ಬರೆಯಬೇಕು. ಮತ ಹಾಕಲು ಅರ್ಹರಾಗಿದ್ದವರು ಸುಮಾರು 81,000 ಗಂಡಸರು ಮಾತ್ರ. ಆಕ್ರಮಣದ ದಿನಗಳಲ್ಲಿ ಬುರ್ಖಾದೊಳಗೆ ಕರಪತ್ರ, ಔಷಧ, ಆಯುಧ ಸಾಗಿಸಿದ ಹೆಂಗಸರಿಗೆ ಮತವಿರಲಿಲ್ಲ. ಅವರು 2005ರ ಮೇ ತನಕ ಕಾದರು. 2009ರಲ್ಲಿ ನಾಲ್ವರು ಮಹಿಳೆಯರು ಸಂಸತ್ತಿಗೆ ಗೆದ್ದು ಬಂದರು. ಪೌರತ್ವವಿಲ್ಲದ ಬಿದೂನ್ ಜನ ಸೇನೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ದುಡಿದವರು. ಅವರಲ್ಲಿ ಬಹುಮಂದಿಗೆ ಇಂದಿಗೂ ಕಾಗದ ಸಿಕ್ಕಿಲ್ಲ. ಇನ್ನು ಪ್ಯಾಲೆಸ್ಟೀನಿಯರು. ಯುದ್ಧಕ್ಕೆ ಮುಂಚೆ ಕುವೈತಿನಲ್ಲಿ ಲಕ್ಷಗಟ್ಟಲೆ ಇದ್ದರು. ಅವರ ನಾಯಕ ಅರಾಫತ್ ಸದ್ದಾಂ ಕಡೆ ವಾಲಿದ್ದಕ್ಕೆ ದಂಡ ಕಟ್ಟಿದವರು ಶಾಲೆಗಳಲ್ಲಿ ಕಲಿಸುತ್ತಿದ್ದ ಮೇಷ್ಟ್ರುಗಳು, ಕಚೇರಿಗಳಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರಲ್ಲಿ ಸಣ್ಣ ಪಾಲು ಮಾತ್ರ ಉಳಿಯಿತು. ಆ ಕಾಗದವನ್ನು ಮೊದಲ ದಿನವೇ ಸರಿಯಾಗಿ ಓದಿದ ನಮ್ಮ ಹಿರಿಯ ಅಕೌಂಟೆಂಟ್‌ಗೆ ಮರಳಿ ಬರಲು ವೀಸಾ ಸಿಗಲಿಲ್ಲ. ಅವರ ಮೇಜಿಗೆ ನನ್ನನ್ನು ಕೂರಿಸಿದರು. ಇದು ಅನ್ಯಾಯ ಎಂದು ಮಾಲೀಕರಿಗೆ ಹೇಳಿದೆ. ಅವರೂ ಅಲ್ಲಗಳೆಯಲಿಲ್ಲ.

ಅಲಾ ಹುಸೇನ್ ನಾರ್ವೆಯಲ್ಲಿ ನೆಲೆಸಿದ್ದ. ಅವನಿಲ್ಲದೆಯೇ ಮರಣದಂಡನೆ ವಿಧಿಸಿದ್ದ ದೇಶಕ್ಕೆ 2000ದ ಜನವರಿಯಲ್ಲಿ ತಾನಾಗಿ ಮರಳಿದ. ಬಂದೂಕು ಹಿಡಿದು ಒಪ್ಪಿಸಿದರು ಎಂದು ನ್ಯಾಯಾಲಯದಲ್ಲಿ ಹೇಳಿದ. ಕೊನೆಗೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಮಾತು ಕೊಟ್ಟವರು ಕೈ ತೊಳೆದುಕೊಂಡರು, ಪಡೆದವನೆಂದು ಸಹಿ ಹಾಕಿದವನು ಜೈಲಿಗೆ ಹೋದ.

ಕುವೈತಿನ ಆಕ್ರಮಣವಾಗಿ ಹದಿನಾಲ್ಕು ವರ್ಷಗಳ ನಂತರ ಇರಾಕಿನ ಸರದಿ ಬಂತು. ಈ ಬಾರಿ ಮಾತು ಕೊಟ್ಟದ್ದು 2003ರಲ್ಲಿ ಇರಾಕಿಗೆ ನುಗ್ಗಿದ್ದ ಅಮೆರಿಕ. 2004ರ ಜೂನ್ 28ರಂದು, ಹೇಳಿದ್ದಕ್ಕಿಂತ ಎರಡು ದಿನ ಮೊದಲೇ, ಅಲ್ಲಿನ ಅಮೆರಿಕನ್ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಬಾಗ್ದಾದಿನಲ್ಲಿ ಸಾರ್ವಭೌಮತ್ವದ ಪತ್ರವನ್ನು ಒಪ್ಪಿಸಿ ವಿಮಾನ ಹತ್ತಿದರು. ದಿನಾಂಕ ನೋಡುವವರಿಗೆ ಮಾತು ನಡೆಯಿತು ಎನಿಸಬಹುದು. ಆದರೆ ಹಿಂದಿನ ದಿನವೇ ಅವರು ಸಹಿ ಹಾಕಿದ 17ನೇ ಆದೇಶದಂತೆ, ವಿದೇಶಿ ಸೈನಿಕರು ಮತ್ತು ಗುತ್ತಿಗೆದಾರರ ಮೇಲೆ ಇರಾಕಿನ ನ್ಯಾಯಾಲಯಗಳ ಕೈ ನಡೆಯುವಂತಿರಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಅಲ್ಲೇ ಉಳಿದರು. ಇರಾಕಿಗಳ ಕೈಗೆ ನಿಜವಾಗಿ ಏನಾದರೂ ಬಂದಿದ್ದರೆ ಅದು 2005ರ ಜನವರಿ 30ರ ಚುನಾವಣೆ. ಬ್ರೆಮರ್ ಯೋಜಿಸಿದ್ದು ಪ್ರಾಂತ್ಯಗಳಲ್ಲಿ ಆಯ್ದ ಜನರ ಸಭೆಗಳ ಮೂಲಕ ಸರ್ಕಾರ ರಚಿಸುವುದನ್ನು. ಇರಾಕಿನ ಶಿಯಾ ಧರ್ಮಗುರು ಅಯತೊಲ್ಲಾ ಸಿಸ್ತಾನಿ ನೇರ ಚುನಾವಣೆಯೇ ಬೇಕೆಂದು ಪಟ್ಟುಹಿಡಿದರು, 2004ರ ಜನವರಿಯಲ್ಲಿ ಬಸ್ರಾ ಮತ್ತು ಬಾಗ್ದಾದಿನಲ್ಲಿ ಜನ ಬೀದಿ ತುಂಬಿದರು, ಆ ಯೋಜನೆ ಬಿದ್ದುಹೋಯಿತು.

ಈಗ ನನ್ನ ಅಕ್ಕನ ಮಗ ಕುವೈತಿನಲ್ಲಿದ್ದಾನೆ. 2024ರ ಮೇ 10ರಂದು ಅಮೀರ್ ಮಿಶಾಲ್ ಸಂಸತ್ತನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷಕ್ಕೆ ಮೀರದ ಅವಧಿಗೆ ಅಮಾನತಿನಲ್ಲಿಟ್ಟರು. ಈ ಸಲ ಯಾವ ಸೇನೆಯೂ ಗಡಿ ದಾಟಿ ಬಂದಿರಲಿಲ್ಲ. ಮೊನ್ನೆ ಫೋನಿನಲ್ಲಿ ಅವನು ಕೇಳಿದ: "ಮಾವ, 2028ಕ್ಕೆ ಸಂಸತ್ತು ಮರಳಿ ಕೊಡುತ್ತಾರಂತೆ. ಕೊಟ್ಟಾರಾ?"

ಅವನಿಗೆ ಜೆದ್ದಾದ ಕಥೆ ಹೇಳಿದೆ. 1986ರಲ್ಲಿ ಮುಚ್ಚಿದ ಬಾಗಿಲು 1992ರಲ್ಲಿ ತೆರೆದದ್ದು, ನಡುವಿನ ಆರು ವರ್ಷವೂ ಕೇಳುವುದನ್ನು ನಿಲ್ಲಿಸದವರು ಇದ್ದುದರಿಂದ ಎಂದೆ. ಮಾಲೀಕರ ತಮ್ಮ ಈಗಿಲ್ಲ, ಅವರ ಹೆಣ್ಣುಮಕ್ಕಳಿದ್ದಾರೆ, ಮತದ ಹಕ್ಕುಳ್ಳವರು. ಅವರು ಕೇಳುತ್ತಾರೆಂದೇ ನನ್ನ ನಂಬಿಕೆ.