ಗೋಳಗುಮ್ಮಟದಲ್ಲಿ ಗುಟ್ಟು ಹೇಳಬ್ಯಾಡ್ರಿ

ಇವತ್ತು ಕೊನೆಯ ಪೀರಿಯಡ್ ಇರಲಿಲ್ಲ. ಸುಮ್ನೆ ಗೋಳಗುಮ್ಮಟ ಹತ್ತಿದೆವು. ವಿಜಯಪುರದವರಿಗೆ ಅದು ನೆಂಟರು ಬಂದಾಗ ಮಾತ್ರ ನೆನಪಾಗುವ ಜಾಗ, ಅಲ್ವಾ?

ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಮ್ಮ ಗೆಳೆಯ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದ: "ಇಂಟರ್ನಲ್ಸ್‌ಗೆ ಏನೂ ಓದಿಲ್ಲಲೇ."

ಎದುರು ಬದಿ, ಸುಮಾರು 38 ಮೀಟರ್ ಆಚೆ, ಗೋಡೆಗೆ ಕಿವಿ ಇಟ್ಟು ಕೂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಪಕ್ಕದಲ್ಲಿದ್ದ ಟ್ರಿಪ್ಪಿನ ಸಾಲಿ ಹುಡುಗರಿಗೂ! ಅವರಲ್ಲೊಬ್ಬ ಕೂಗಿದ, "ಓದ್ರೀ ಅಣ್ಣಾ!"

ಗುಮ್ಮಟ ಅದನ್ನು ಏಳೆಂಟು ಸಲ ಹೇಳಿತು. 1656ರಲ್ಲಿ ಕಟ್ಟಿ ಮುಗಿಸಿದವರು ಇಂಥ ಬಳಕೆಯನ್ನು ಊಹಿಸಿರಲಿಕ್ಕಿಲ್ಲ.

ಆದ್ರೆ ನೋಡಿ, ಏನೂ ಓದಿಲ್ಲ ಅನ್ನೋರಿಗೇ ಯಾವಾಗಲೂ ಜಾಸ್ತಿ ಮಾರ್ಕ್ಸ್ ಬರೋದು. ಇವನು ಗುಮ್ಮಟಕ್ಕೂ ಸುಳ್ಳು ಹೇಳಿದನೋ ಏನೋ. ರಿಸಲ್ಟ್ ಬರಲಿ. ನಮಗಿಂತ ಜಾಸ್ತಿ ಬಂದರೆ ಮಿರ್ಚಿ ಭಜಿ ದುಡ್ಡು ಅವನದೇ.