ಹಗಲೆಲ್ಲಾ ಮಲಗ್ತೀರಿ, ಮತ್ತ್ಯಾಕ ದಣಿವು?

ಊರ ಕಡೆಯಿಂದ ಯಾರೇ ಪುಣೆ ಹತ್ತಿರದ ಭೋಸರಿಗೆ ನಮ್ಮ ಮನೆಗೆ ಬರಲಿ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. "ರಾತ್ರಿ ದುಡೀತೀರಿ, ಖರೆ. ಆದ್ರ ಹಗಲೆಲ್ಲಾ ಮಲಗ್ತೀರಲ್ಲ, ಮತ್ತ್ಯಾಕ ದಣಿವು?" ಇಂಡಿ, ಜತ್ತ, ಅಕ್ಕಲಕೋಟ ಕಡೆಯ ನೆಂಟರು ಹೀಗೆ ಕೇಳುತ್ತಾರೆ. ಐಟಿಐ ಮುಗಿಸಿ ಚಾಕಣದ ಕಂಪನಿಗಳಿಗೆ ಹೊಸದಾಗಿ ಸೇರಿದ ನಮ್ಮ ಹುಡುಗರು ಕೇಳುವುದು ಇನ್ನೊಂದು ಬಗೆ. "ಕಾಕಾ, ನೈಟ್ ಹೆಂಗ ತಡೀಬೇಕ್ರಿ?" ಮೊದಲನೆಯದಕ್ಕೆ ಉತ್ತರ ಗೊತ್ತಾದರೆ ಎರಡನೆಯದಕ್ಕೂ ಅರ್ಧ ಉತ್ತರ ಸಿಕ್ಕಂತೆ. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಾನಿರುವುದು ಗಾಡಿಗಳ ಬಿಡಿಭಾಗ ಮಾಡುವ ಮಷೀನ್ ಶಾಪಿನಲ್ಲಿ. ಮೂರು ಪಾಳಿ. ರಾತ್ರಿ ಪಾಳಿ 12ಕ್ಕೆ ಶುರುವಾಗಿ ಬೆಳಗ್ಗೆ 7ಕ್ಕೆ ಮುಗಿಯುತ್ತದೆ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ.

ಈ ದಣಿವು ಮೈಗಳ್ಳತನ ಅಲ್ಲ. ಹಗಲು ನಿದ್ದೆ ರಾತ್ರಿ ನಿದ್ದೆಗೆ ಸಮ ಅಲ್ಲ, ಅದಕ್ಕೆ ದಣಿವು. ನಿದ್ದೆಯನ್ನು ಎರಡು ಸಂಗತಿ ನಡೆಸುತ್ತವೆ. ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದು ಜಾಸ್ತಿಯಾದಷ್ಟೂ ಕಣ್ಣು ಎಳೆಯುತ್ತದೆ. ಇನ್ನೊಂದು, ಮೈಯೊಳಗಿನ ಗಡಿಯಾರ. ಮಿದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಮೇಲೆಯೇ, ಸುಮಾರು 20,000 ನರಕೋಶಗಳ ಒಂದು ಸಣ್ಣ ಗುಂಪಿದೆ. ಯಾವಾಗ ಮೈ ಬಿಸಿ ಏರಬೇಕು, ಯಾವಾಗ ಇಳಿಯಬೇಕು, ಯಾವಾಗ ಹಸಿವಾಗಬೇಕು, ಎಲ್ಲದಕ್ಕೂ ತಾಳ ಹಾಕುವುದು ಅದೇ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕಲ್ ರಾಸ್‌ಬಾಶ್, ಮೈಕಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಈಗ ಪಾಳಿ ಮುಗಿಸಿ ಬಂದವನನ್ನು ನೋಡಿ. ಬೆಳಗ್ಗೆ ಎಂಟೂವರೆಗೆ ದಿಂಬಿಗೆ ತಲೆ ಇಟ್ಟ ಕೂಡಲೇ ನಿದ್ದೆ ಹತ್ತುತ್ತದೆ, ಯಾಕೆಂದರೆ ಅಡಿನೋಸಿನ್ ತುಂಬಿದೆ. ಆದರೆ ಒಳಗಿನ ಗಡಿಯಾರ ಆಗಲೇ ಹಗಲು ಶುರು ಮಾಡಿರುತ್ತದೆ. ಮೈ ಬಿಸಿ ಏರುತ್ತಿರುತ್ತದೆ. ನಾಲ್ಕು ಗಂಟೆ ಮಲಗುವಷ್ಟರಲ್ಲಿ ಅಡಿನೋಸಿನ್ ಸಾಕಷ್ಟು ಇಳಿದಿರುತ್ತದೆ, ಗಡಿಯಾರ ಮಾತ್ರ "ಏಳು" ಎನ್ನುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಕಣ್ಣು ಪಟ್ಟನೆ ಬಿಡುತ್ತದೆ. ತಲೆ ಭಾರ, ಕಣ್ಣು ಉರಿ ಹಾಗೆಯೇ ಇರುತ್ತವೆ, ಆದರೂ ನಿದ್ದೆ ಮತ್ತೆ ಹತ್ತುವುದಿಲ್ಲ. ರಾತ್ರಿ ಪಾಳಿಯವರ ಹಗಲು ನಿದ್ದೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ಗಂಟೆ ಕಡಿಮೆ ಬೀಳುತ್ತದೆ. ವಾರವಿಡೀ ಹೀಗೆ ಸಾಲ ಏರಿದರೆ ದಣಿಯದೆ ಇನ್ನೇನಾಗಬೇಕು ಹೇಳಿ.

"ಆಮೇಲೆ ರೂಢಿ ಆಗ್ತದ ಬಿಡು" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹುಡುಗರಿಗೆ ನಾನು ಹಾಗೆ ಹೇಳುವುದಿಲ್ಲ. ವರ್ಷಗಟ್ಟಲೆ ಬರೀ ನೈಟ್ ಮಾಡಿದವರಲ್ಲೂ ಒಳಗಿನ ಗಡಿಯಾರ ಪೂರ್ತಿ ತಿರುಗುವುದು ತೀರಾ ಕಡಿಮೆ ಜನರಿಗೆ. ಬೆಳಕು ತಿರುಗಲು ಬಿಡುವುದಿಲ್ಲ. ಶಾಪಿನ ಟ್ಯೂಬ್‌ಲೈಟಿನಲ್ಲಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಬೆಳಕಿದ್ದರೆ, ಬೆಳಗ್ಗೆ ಗೇಟಿನ ಹೊರಗೆ ಬಂದ ಕೂಡಲೇ 10,000 ಲಕ್ಸಿಗೂ ಮೇಲಿನ ಬೆಳಕು ಕಣ್ಣಿಗೆ ಬೀಳುತ್ತದೆ. ಗಡಿಯಾರ ನಂಬುವುದು ಆ ಬೆಳಕನ್ನೇ.

ಹಾಗಾಗಿ ನೈಟ್ ತಡೆಯುವುದು ಅಂದರೆ ಹಟ ಹಿಡಿದು ಎಚ್ಚರ ಇರುವುದಲ್ಲ. ಹಗಲಿನ ಆ ನಾಲ್ಕು ಗಂಟೆಯನ್ನು ಆರಕ್ಕೆ ಏರಿಸುವುದು. ಮಲಗುವವನೊಬ್ಬನಿಂದ ಇದು ಆಗುವ ಕೆಲಸ ಅಲ್ಲ. ಮನೆ ಮಂದಿಯೆಲ್ಲ ಕೈಗೂಡಿಸಬೇಕು.

ನಮ್ಮ ಓಣಿಯ ಬೆಳಗು ಹೇಗಿರುತ್ತದೆ ನೋಡಿ. ಎಂಟೂವರೆಗೆ ಹಾಡು ಹಾಕಿಕೊಂಡು ಕಸದ ಘಂಟಾಗಾಡಿ ಬರುತ್ತದೆ. ಅದರ ಹಿಂದೆ ಭಂಗಾರದವನ, ಅಂದರೆ ಗುಜರಿಯವನ ಕೂಗು. ಹತ್ತಕ್ಕೆ ಕಾಯಿಪಲ್ಲೆ ಗಾಡಿ, ಆಮೇಲೆ ಕೊರಿಯರಿನವನು. ಪಕ್ಕದ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದೆ. ಹನ್ನೊಂದಕ್ಕೆ ಊರಿಂದ ಫೋನು, "ಏನ್ ಮಾಡಾಕತ್ತಿ?" ಎಂದು.

ನಾವು ಮಾಡಿಕೊಂಡಿದ್ದು ಇಷ್ಟು. ಮಲಗುವ ಕೋಣೆಯ ಕಿಟಕಿಗೆ ಅವ್ವ ಹೊಲಿದ ಹಳೇ ಕೌದಿಯನ್ನು ಮೊಳೆ ಹೊಡೆದು ಕಟ್ಟಿದ್ದೇವೆ. ಏಳೆಂಟು ಪದರದ ಹಳೇ ಸೀರೆ, ಧೋತರ. ಅಂಗಡಿಯ ಪರದೆಯಲ್ಲಿ ನುಸುಳುವ ಬೆಳಕು ಅದರಲ್ಲಿ ನುಸುಳುವುದಿಲ್ಲ. ಸಪ್ಪಳವೂ ಒಂದಿಷ್ಟು ಕಡಿಮೆ. ಅಂಚಿನಲ್ಲಿ ಗೆರೆಯಷ್ಟು ಬೆಳಕು ಬರುತ್ತಿತ್ತು, ಅಲ್ಲಿ ನನ್ನ ಹೆಂಡತಿ ಹಳೇ ಟವೆಲ್ ಮಡಚಿ ತುರುಕಿದ್ದಾಳೆ. ನೈಟ್ ವಾರದಲ್ಲಿ ಬಾಗಿಲ ಬೆಲ್ಲಿನ ಸ್ವಿಚ್ ಬಂದ್. ಬೇಳೆ ಬೇಯುವುದು ಎಂಟರ ಒಳಗೆ, ಇಲ್ಲವೇ ಒಂದರ ನಂತರ. ಫ್ಯಾನು ಚಳಿಗಾಲದಲ್ಲೂ ತಿರುಗುತ್ತದೆ, ಗಾಳಿಗಲ್ಲ, ಅದರ ಒಂದೇ ಸಮನೆಯ ಸದ್ದಿನಲ್ಲಿ ಬೇರೆ ಸದ್ದು ಮುಳುಗಲಿ ಅಂತ. ಫೋನು ಬೇರೆ ಕೋಣೆಯಲ್ಲಿ. ನಾಲ್ಕರ ನಂತರ ಫೋನ್ ಮಾಡಿ ಎಂದು ನೆಂಟರಿಗೆ ಬಾಯಿಬಿಟ್ಟು ಹೇಳಿದ್ದೇವೆ. ಮೊದಮೊದಲು ಬೇಜಾರು ಮಾಡಿಕೊಂಡರು, ಈಗ ಅವರೇ ಕಾಯುತ್ತಾರೆ.

ಪುಣೆಯ ಹಳೇ ಪೇಟೆಗಳಲ್ಲಿ ಮಧ್ಯಾಹ್ನ 1ರಿಂದ 4ರವರೆಗೆ ಅಂಗಡಿ ಬಂದ್ ಇರುವುದುಂಟು. ಆ ಹೊತ್ತಿನ ನಿದ್ದೆಗೆ ಈ ಊರು ಕೊಡುವ ಮರ್ಯಾದೆ ನನಗೆ ತುಂಬಾ ಹಿಡಿಸುತ್ತದೆ. ಅದೇ ಮರ್ಯಾದೆಯನ್ನು ಪಕ್ಕದ ಮನೆಯ ರಾತ್ರಿ ಪಾಳಿಯವನ ಬೆಳಗಿನ ನಿದ್ದೆಗೂ ಕೊಡಿ ಎಂದು ಕೇಳುತ್ತೇನೆ. ನಿಮ್ಮ ಓಣಿಯಲ್ಲಿ ಸೆಕ್ಯುರಿಟಿಯವರೋ ನರ್ಸೋ ಒಬ್ಬರಾದರೂ ಇದ್ದೇ ಇರುತ್ತಾರೆ, ಅಲ್ವಾ?

ನರ್ಸ್ ಅಂದಾಗ ಇನ್ನೊಂದು ಮಾತು ಹೇಳಲೇಬೇಕು. ನನಗೆ ಕೌದಿ ಕಟ್ಟುವವರಿದ್ದಾರೆ. ನಮ್ಮ ಚಾಳಿನ ನರ್ಸ್ ಅಕ್ಕನವರು ನೈಟ್ ಮುಗಿಸಿ ಬಂದವರೇ ನೀರು ಹಿಡಿದು, ಮಕ್ಕಳ ಡಬ್ಬಿ ಕಟ್ಟಿ, ಅತ್ತೆಗೆ ಗುಳಿಗೆ ಕೊಟ್ಟು, ಹತ್ತೂವರೆಗೆ ಮಲಗುತ್ತಾರೆ. ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಮತ್ತೆ ಏಳುತ್ತಾರೆ. ಅವರಿಗೆ ಯಾವ ಉಪಾಯ ಹೇಳಿದರೂ ಕೆಲಸಕ್ಕೆ ಬಾರದು. ಆ ಮನೆಯ ಗಂಡಸರು ಡಬ್ಬಿ ಕಟ್ಟುವುದನ್ನು ಕಲಿಯಬೇಕು. ಇದನ್ನು ಓದುತ್ತಿರುವವರಲ್ಲಿ ಅಂಥ ಗಂಡಂದಿರಿದ್ದರೆ ದಯವಿಟ್ಟು ಈ ವಾರವೇ ಶುರು ಮಾಡಿ.

ಹನ್ನೆರಡೂವರೆಗೆ ಎಚ್ಚರಾದರೆ ಹಾಸಿಗೆಯಲ್ಲಿ ಹೊರಳಾಡುತ್ತಾ ನಿದ್ದೆಯನ್ನು ಬೇಡಬೇಡಿ. ಎದ್ದು ಊಟ ಮಾಡಿ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಎಲ್ಲರಿಗೂ ತಾನಾಗಿ ಒಂದು ಜೊಂಪು ಬರುತ್ತದೆ. ಅದನ್ನು ಹಿಡಿದು ಮತ್ತೆ ಮಲಗಿ. ಸಂಜೆ ಏಳೆಂಟಕ್ಕೆ ಮಲಗೋಣ ಅಂತ ಬಿಟ್ಟರೆ ಕಷ್ಟ. ಮೈ ಅತಿ ಹೆಚ್ಚು ಎಚ್ಚರ ಇರುವ ಹೊತ್ತುಗಳಲ್ಲಿ ಅದೂ ಒಂದು.

ಚಹಾದ ವಿಷಯಕ್ಕೆ ಹುಡುಗರು ನನ್ನ ಜೊತೆ ಜಗಳಕ್ಕೇ ಬರುತ್ತಾರೆ. ಏಳಕ್ಕೆ ಪಾಳಿ ಬಿಟ್ಟ ಕೂಡಲೇ ಗೇಟಿನೆದುರು ಟಪರಿಯಲ್ಲಿ ಎಲ್ಲರ ಕೈಯಲ್ಲೂ ಗ್ಲಾಸು. ಚಹಾದಲ್ಲಿರುವ ಕೆಫೀನ್, ಮಿದುಳಿನಲ್ಲಿ ಅಡಿನೋಸಿನ್ ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ದಣಿವು ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೇ. ಕುಡಿದದ್ದರಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಅಂದರೆ ಏಳರ ಚಹಾದ ಅರ್ಧ ಮಧ್ಯಾಹ್ನ ಹನ್ನೆರಡಕ್ಕೂ ಮೈಯಲ್ಲಿರುತ್ತದೆ, ಸರಿಯಾಗಿ ನಿದ್ದೆ ತೆಳ್ಳಗಾಗುವ ಹೊತ್ತಿಗೆ. ಪಾಳಿಯ ಶುರುವಿನಲ್ಲಿ ಕುಡಿಯಿರಿ, ಮೂರರ ನಂತರ ಬೇಡ. ಏಳಕ್ಕೆ ಜೊತೆಗಾರರ ಹತ್ತಿರ ನಿಲ್ಲಲೇಬೇಕಾದರೆ ಬಿಸಿ ಹಾಲು ಕುಡಿಯಿರಿ, ಇಲ್ಲ ಒಂದು ಪ್ಲೇಟ್ ಪೋಹೆ ತಿನ್ನಿ. ಹಸಿದ ಹೊಟ್ಟೆಯೂ ನಿದ್ದೆ ಕೆಡಿಸುತ್ತದೆ.

ಕೆಲವರು ನಿದ್ದೆಗೆಂದು ಬೆಳಗ್ಗೆ ಕ್ವಾರ್ಟರ್ ಏರಿಸುತ್ತಾರೆ. ಬೇಗ ಮಲಗಿಸುತ್ತದೆ ನಿಜ, ಆದರೆ ಎರಡು ಮೂರು ತಾಸಿಗೆ ನಿದ್ದೆ ಒಡೆಯುತ್ತದೆ. ನಿದ್ದೆ ಗುಳಿಗೆಯನ್ನೂ ಮೆಡಿಕಲ್‌ನಿಂದ ಸುಮ್ನೆ ತಂದು ನುಂಗಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನು ಶಾಪಿನೊಳಗೆ. ಮೂರರಿಂದ ಐದರ ನಡುವೆ ಮೈ ಬಿಸಿ ಅತಿ ಕಡಿಮೆ ಇರುತ್ತದೆ. ಕಣ್ಣು ತೆರೆದೇ ಇರುತ್ತದೆ, ಮೈಕ್ರೋಮೀಟರ್ ಓದಿದರೂ ಅಂಕಿ ತಲೆಗೆ ಹೋಗುವುದಿಲ್ಲ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನಿನಲ್ಲಿ ಆಫ್‌ಸೆಟ್, ಅಂದರೆ ಟೂಲ್ ಎಷ್ಟು ಸರಿಯಬೇಕು ಎಂಬ ಅಂಕಿ ಕೊಡುವಾಗ ಚುಕ್ಕಿ ಒಂದು ಮನೆ ಆಚೀಚೆ ಆದರೆ ಟೂಲ್ ಹೋಗಿ, ಪೀಸನ್ನು ಹಿಡಿದು ತಿರುಗಿಸುವ ಚಕ್‌ಗೆ ಬಡಿಯುತ್ತದೆ. ಹಾಗಾಗಿ ನಮ್ಮ ಲೈನಿನಲ್ಲಿ ಆ ಹೊತ್ತಿಗೆ ಒಂದು ಕಟ್ಟಳೆ. ಅಂಕಿ ಹಾಕಿದ ಮೇಲೆ ಬೆರಳಿಟ್ಟು ಜೋರಾಗಿ ಓದಬೇಕು: "ಮೈನಸ್, ಸೊನ್ನೆ, ಚುಕ್ಕಿ, ಸೊನ್ನೆ, ಎರಡು." ಪಕ್ಕದ ಮಷೀನಿನವನು ಹೂಂ ಅಂದ ಮೇಲೆಯೇ ಬಟನ್. ರೈಲಿನಲ್ಲಿ ಚಾಲಕ ಮತ್ತು ಸಹಾಯಕ ಚಾಲಕ ಸಿಗ್ನಲ್ಲಿನ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳುವುದೂ ಇದೇ ಕಾರಣಕ್ಕೆ. ಬಾಯಿ ಆಡಿದರೆ ಮಂಪರು ಒಡೆಯುತ್ತದೆ.

ಊಟದ ಬಿಡುವಿನಲ್ಲಿ 20 ನಿಮಿಷ ಕಣ್ಣು ಮುಚ್ಚಿ. ಅಲಾರಂ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯಿಂದ ಎದ್ದ ಹಾಗಾಗಿ ತಲೆ ಇನ್ನಷ್ಟು ಜಡವಾಗುತ್ತದೆ. ಬಿಡುವಿನಲ್ಲಿ ಮಲಗಿದವರ ಫೋಟೋ ತೆಗೆದು ಗ್ರೂಪಿಗೆ ಹಾಕುವ ಸೂಪರ್‌ವೈಸರುಗಳಿದ್ದಾರೆ. ಅದು ತಪ್ಪು. ಆ 20 ನಿಮಿಷದಿಂದ ರಿಜೆಕ್ಷನ್ (ಕೆಟ್ಟುಹೋಗುವ ಪೀಸು) ಕಡಿಮೆಯಾಗುತ್ತದೆ, ಬೆರಳುಗಳು ಉಳಿಯುತ್ತವೆ. ಊಟವೂ ಹಗುರ ಇರಲಿ. ರಾತ್ರಿ ಎರಡು ಗಂಟೆಗೆ ಮೈ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ಅರಗಿಸುವುದಿಲ್ಲ. ವಡಾಪಾವ್ ಬದಲು ಒಂದು ರೊಟ್ಟಿ, ಪಲ್ಯ, ಮೊಸರು ಸಾಕು.

ನನಗೆ ನಿಜವಾಗಿ ಹೆದರಿಕೆ ಇರುವುದು ಬೆಳಗಿನ ರಸ್ತೆಯದು. ನೈಟ್ ವಾರದ ಮೊದಲ ದಿನ ಹುಡುಗ ಬೆಳಗ್ಗೆ ಎಂಟಕ್ಕೆ ಎದ್ದಿರುತ್ತಾನೆ. ಹಗಲು ಮಲಗಿರುವುದಿಲ್ಲ. ಮರುದಿನ ಏಳಕ್ಕೆ ಬೈಕ್ ಹತ್ತುವಾಗ ಅವನು 23 ಗಂಟೆ ಎಚ್ಚರ ಇದ್ದವನು. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ತೋರಿಸಿದ ಪ್ರಕಾರ, 24 ಗಂಟೆ ಎಚ್ಚರ ಇದ್ದವನ ಕೈ, ಕಣ್ಣು ರಕ್ತದಲ್ಲಿ ಶೇ. 0.10 ಮದ್ಯ ಇದ್ದವನಷ್ಟು ಮಂದವಾಗುತ್ತವೆ. ನಮ್ಮ ಕಾನೂನಿನ ಮಿತಿ ಶೇ. 0.03. ಅಂದರೆ ಒಂದು ಹನಿ ಕುಡಿಯದ ಹುಡುಗ ಮಿತಿಯ ಮೂರು ಪಟ್ಟು ಕುಡಿದವನ ಹಾಗೆ, ಚಾಕಣದಿಂದ ಮೋಶಿ ದಾಟಿ ಭೋಸರಿಯವರೆಗೆ ಕಂಟೇನರುಗಳ ನಡುವೆ ಬೈಕ್ ಓಡಿಸುತ್ತಾನೆ. ಮೊದಲ ದಿನ ಮಧ್ಯಾಹ್ನ ಎರಡು ತಾಸು ಮಲಗಿಯೇ ಕೆಲಸಕ್ಕೆ ಹೋಗಿ. ಬರುವಾಗ ಕಂಪನಿ ಬಸ್ಸಿದ್ದರೆ ಬಸ್ಸು ಹತ್ತಿ, ಒಳಗೆ ಕೂತ ಮೇಲೆ ಕಪ್ಪು ಕನ್ನಡಕ ಹಾಕಿಕೊಳ್ಳಿ, ಬೆಳಕು ಕಡಿಮೆ ಬೀಳಲಿ. ಬೈಕ್ ಓಡಿಸುವಾಗ ಮಾತ್ರ ಬೇಡ, ಅದು ನಿದ್ದೆ ಎಳೆಯುತ್ತದೆ. ದಾರಿಯಲ್ಲಿ ಒಮ್ಮೆ ತೂಕಡಿಸಿದರೂ ಸಾಕು, ಪೆಟ್ರೋಲ್ ಪಂಪಿನಲ್ಲಿ ಗಾಡಿ ನಿಲ್ಲಿಸಿ 20 ನಿಮಿಷ ಕಣ್ಣು ಮುಚ್ಚಿ. ಮನೆಯವರು ಫೋನ್ ಮಾಡಿ "ಎಲ್ಲಿದ್ದೀ, ಬೇಗ ಬಾ" ಎನ್ನಬೇಡಿ.

ನಮ್ಮದು ಗುರುವಾರ ರಜೆ. 1948ರ ಫ್ಯಾಕ್ಟರಿ ಕಾಯ್ದೆಯ 57ನೇ ಕಲಮಿನಲ್ಲಿ, ಮಧ್ಯರಾತ್ರಿ ದಾಟುವ ಪಾಳಿಯವನಿಗೆ ಒಂದು ದಿನದ ರಜೆ ಅಂದರೆ ಪಾಳಿ ಮುಗಿದ ಹೊತ್ತಿನಿಂದ 24 ಗಂಟೆ ಎಂದು ಬರೆದರು. ಲೆಕ್ಕ ಸರಿ ಇದೆ, ಆದರೆ ಅದರಲ್ಲಿ ಬೆಳಗೆಲ್ಲ ನಿದ್ದೆಗೇ ಹೋಗುತ್ತದೆ. ಆ ದಿನ ಎರಡು ಮೂರು ತಾಸು ಮಾತ್ರ ಮಲಗಿ, ಮಧ್ಯಾಹ್ನದೊಳಗೆ ಎದ್ದು ಬಿಸಿಲಿಗೆ ಬನ್ನಿ, ರಾತ್ರಿ ಹತ್ತಕ್ಕೆ ಮಲಗಿ. ಪಾಳಿ ಬದಲಿಸುವ ಮಾತು ಬಂದರೆ ಬೆಳಗಿನ ಫಸ್ಟ್, ಆಮೇಲೆ ಮಧ್ಯಾಹ್ನದ ಸೆಕೆಂಡ್, ಆಮೇಲೆ ನೈಟ್ ಎಂಬ ಕ್ರಮ ಕೇಳಿ. ಒಳಗಿನ ಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದ, ತಡವಾಗಿ ಮಲಗುವುದು ಅದಕ್ಕೆ ಸುಲಭ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದ್ದು ಎಂಬ ಪಟ್ಟಿಗೆ ಸೇರಿಸಿತು. ಹೆದರಿ ಕೆಲಸ ಬಿಡಿ ಅಂತ ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಶುಗರ್, ಬಿಪಿ ನೋಡಿಸಿ. ಫಿಟ್ಸ್ ಬರುವವರು ನೈಟ್ ಒಪ್ಪಿಕೊಳ್ಳುವ ಮೊದಲೇ ಡಾಕ್ಟರಿಗೆ ಕೇಳಿ, ಯಾಕೆಂದರೆ ನಿದ್ದೆಗೆಟ್ಟರೆ ಅದು ಹೆಚ್ಚಾಗುತ್ತದೆ.

ಹೊಸ ಹುಡುಗರಿಗೆ ಇನ್ನೊಂದು ಮಾತು, ರೂಮಿನದು. ಕಾಟ್ ಬೇಸಿಸ್ ರೂಮಿಗೆ, ಅಂದರೆ ಒಂದು ಮಂಚಕ್ಕಷ್ಟೇ ಬಾಡಿಗೆ ಕೊಟ್ಟು ಇರುವ ರೂಮಿಗೆ, ಡಿಪಾಸಿಟ್ ಕೊಡುವ ಮೊದಲು ಬಾಡಿಗೆ ಎಷ್ಟು ಅಂತಷ್ಟೇ ಕೇಳಬೇಡಿ. ಉಳಿದ ಹುಡುಗರು ಯಾವ ಪಾಳಿಯವರು ಕೇಳಿ. ನೀವು ನೈಟ್ ಇದ್ದಾಗ ಅವರೂ ನೈಟ್ ಇದ್ದರೆ ಒಳ್ಳೆಯದು. ಕಿಟಕಿ ಪೂರ್ವಕ್ಕಿದ್ದರೆ ಬೆಳಗಿನ ಬಿಸಿಲೆಲ್ಲ ಹಾಸಿಗೆ ಮೇಲೆ. ಮೇಲೆ ತಗಡಿನ ಪತ್ರಾ ಹೊದಿಸಿದ ರೂಮು ಅಗ್ಗ ಸಿಗುತ್ತದೆ, ಏಪ್ರಿಲ್ಲಿನಲ್ಲಿ ಪುಣೆಯ ಬಿಸಿಲು 40 ಡಿಗ್ರಿ ಮುಟ್ಟಿದಾಗ ಹಗಲು ಅದರೊಳಗೆ ಒಂದು ತಾಸು ಮಲಗಲಾಗುವುದಿಲ್ಲ. ಐನೂರು ರೂಪಾಯಿ ಜಾಸ್ತಿ ಆದರೂ ಸ್ಲ್ಯಾಬಿನ ರೂಮೇ ಹಿಡಿಯಿರಿ. ಊರಿಂದ ಬರುವಾಗ ಒಂದು ದಪ್ಪ ಕೌದಿ ತನ್ನಿ, ಜೊತೆಗೆ ನಾಲ್ಕು ಮೊಳೆ.